ತಡವಾಗಿ ಬರುತ್ತಿದ್ದ ಭಲೇ

ಬಸ್ಸು ಶಾಂತಿಗ್ರಾಮ ದಾಟಿದ ಮೇಲೆ ಮಾನಸಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ತೊಡೆಯ ಮೇಲಿದ್ದ ಚೀಲವನ್ನು ಎದೆಗೆ ಅವುಚಿಕೊಂಡಳು, ಮತ್ತೆ ತೊಡೆಗಿಳಿಸಿದಳು. ಪಕ್ಕದ ಹೆಂಗಸು, ಒಳಗೆ ಗಾಜಿನ ಸಾಮಾನಿದೆ ಎಂದುಕೊಂಡಳೋ ಏನೋ, ಕೇಳದೆಯೇ ಕಿಟಕಿಯತ್ತ ಸರಿದು ಜಾಗ ಮಾಡಿಕೊಟ್ಟಳು. ಚೀಲದಲ್ಲಿದ್ದದ್ದು ಮೂರು ಹೆಡ್‌ಫೋನು, ಒಂದು ಡಬ್ಬಿ ಅವಲಕ್ಕಿ. ಗಾಜಿಗಿಂತ ನಾಜೂಕಾದದ್ದು ಹಾಸನದ ಕಾಲೇಜಿನಲ್ಲಿ, ಅವಳ ಲ್ಯಾಬಿನ ಕಂಪ್ಯೂಟರಿನೊಳಗೆ ನಿನ್ನೆಯಿಂದ ಕೂತಿತ್ತು: ಅಂಗೈಯಗಲದ ಒಂದು ನೆಟ್‌ವರ್ಕ್ ಕಾರ್ಡು. ಅದರ ಜೊತೆಯದು ಹೊಳೆನರಸೀಪುರ, ಹಳ್ಳಿಮೈಸೂರು, ಅರಕಲಗೂಡು ಸುತ್ತಿ ಹೋಗುವ ಕೇಬಲ್ಲಿನ ಆ ತುದಿಯಲ್ಲಿ, ರುದ್ರಪಟ್ಟಣದ ನಂಜಪ್ಪನವರ ನಡುಮನೆಯಲ್ಲಿ. ಎರಡು ವರ್ಷ ಅವಳು ಆ ಕಾರ್ಡುಗಳಿಗೆ ಒಂದೇ ಒಂದು ಕೆಲಸ ಕಲಿಸಿದ್ದಳು. ದನಿಯನ್ನು ಚೂರುಚೂರು ಮಾಡಿ ಕಟ್ಟಿದ ಪ್ಯಾಕೆಟ್ಟುಗಳು ತಂತಿಯಲ್ಲಿ ಬಂದಾಗ, ಕಂಪ್ಯೂಟರಿನ ಪ್ರೊಸೆಸರನ್ನು ಕೇಳಲು ಹೋಗದೆ ತಾನೇ ಬಿಚ್ಚಿ, ತಾನೇ ಜೋಡಿಸಿ, ನೇರವಾಗಿ ಕಿವಿಗೆ ಮುಟ್ಟಿಸುವುದು. ಚನ್ನರಾಯಪಟ್ಟಣದ ಮನೆಯಲ್ಲಿ ಅತ್ತೆ ಕೇಳಿದಾಗ ಹೀಗೆ ಹೇಳಿದ್ದಳು: ಮದುವೆ ಊಟದ ಪಂಕ್ತಿಯಲ್ಲಿ ಯಾರಿಗೆ ಉಪ್ಪು ಬೇಕಾದರೂ ಒಲೆಯ ಮುಂದಿರುವ ಅಡುಗೆಯವರನ್ನೇ ಕೂಗಿ ಕರೀತಾರೆ ಅಂದ್ಕೊಳ್ಳಿ ಅತ್ತೆ. ಅವರು ಸಾರು ಇಳಿಸಿ, ಕೈ ಒರೆಸಿಕೊಂಡು ಬರೋ ಹೊತ್ತಿಗೆ ಅನ್ನ ಆರಿರುತ್ತೆ. ನಾನೀಗ ಪಂಕ್ತಿಯಲ್ಲೇ ಉಪ್ಪಿನ ಬಟ್ಟಲು ಹಿಡಿದು ಒಬ್ಬಳನ್ನ ನಿಲ್ಲಿಸಿದೀನಿ, ಅಷ್ಟೆ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಪಾಪ, ಅವಳ ಊಟ ಯಾವಾಗ?" ಎಂದಿದ್ದರು. ಇವತ್ತು ಬೆಳಿಗ್ಗೆ ಡಬ್ಬಿಗೆ ಇಬ್ಬರು ತಿನ್ನುವಷ್ಟು ಅವಲಕ್ಕಿ ತುಂಬಿ ಕೊಟ್ಟಿದ್ದರು.

ಇವತ್ತೇ ಆ ಕಾರ್ಡು ತನ್ನ ಗುಣ ತೋರಿಸಬೇಕು. ತೋರಿಸದಿದ್ದರೆ ಕಂಪ್ಯೂಟರ್ ವಿಭಾಗದ ಮೋಹನ್‌ಕುಮಾರ್ ಎರಡೂ ಕಾರ್ಡನ್ನು ಬಿಚ್ಚಿ ತಮ್ಮ ಲ್ಯಾಬಿಗೆ ಒಯ್ಯುತ್ತಾರೆ. ರುದ್ರಪಟ್ಟಣದ ಲೈನನ್ನೂ ಕಾಲೇಜು ನಿಲ್ಲಿಸುತ್ತದೆ. ನಿಲ್ಲಿಸಿದರೆ ಹಾಸನದ ದಾಕ್ಷಾಯಣಮ್ಮ ಟೀಚರ್ ಹಾಡುವುದು, ರುದ್ರಪಟ್ಟಣದ ನಂಜಪ್ಪನವರು ಮೃದಂಗ ನುಡಿಸುವುದು ಬೇರೆ ಬೇರೆಯಾಗುತ್ತದೆ. ಇಪ್ಪತ್ತು ವರ್ಷ ಒಂದೇ ವೇದಿಕೆಯಲ್ಲಿ ಕೂತವರು. ಟೀಚರ್ ಸೊಂಟ ಮುರಿದುಕೊಂಡ ಮೇಲೆ ಬಸ್ಸು ಹತ್ತಲಾರರು, ನಂಜಪ್ಪನವರ ಕಣ್ಣು ಮಂಜಾದ ಮೇಲೆ ಅವರು ಊರು ಬಿಡಲಾರರು. ಮೋಹನ್‌ಕುಮಾರ್ ಕೆಟ್ಟವರಲ್ಲ, ಅವರ ಪ್ರಶ್ನೆಯೂ ಸುಳ್ಳಲ್ಲ. "ಹಳೇದರಲ್ಲೇ ಚೆನ್ನಾಗಿ ಬರ್ತಿತ್ತಲ್ಲ ಮೇಡಂ? ಇರೋ ಸರಿಯನ್ನೇ ಇನ್ನೂ ಸರಿ ಮಾಡ್ತೀನಿ ಅಂದ್ರೆ ಏನರ್ಥ?" ಹೋದ ವರ್ಷ ರಾಜ್ಯೋತ್ಸವದ ದಿನ, ಕಾರ್ಡು ಇನ್ನೂ ಸಿದ್ಧವಾಗಿರದಾಗ, ಬರಿಯ ಕಂಪ್ಯೂಟರಿನಲ್ಲೇ ಇವರಿಬ್ಬರ ಕಛೇರಿ ನಡೆಸಿದ್ದಳು. ಟೀಚರ್ ಕಾಲೇಜಿನ ಸಭಾಂಗಣದಲ್ಲಿ, ಮೃದಂಗ ಹಳ್ಳಿಯಲ್ಲಿ. ಏಟು ಒಂದೊಂದೂ ಹಾಡಿನ ಮೇಲೇ ಬಂದು ಕೂತಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅವಳ ಹೆಗಲಿಗೆ ಶಾಲು ಬಂತು. ಅದರ ಹಿಂದಿನ ದಿನವೇ ಅವಳ ಅಳತೆ, ದನಿ ಹೋಗಿ ಬರುವುದಕ್ಕೆ ಹಾಡಿನ ಎರಡು ಏಟುಗಳ ನಡುವಿನ ಅರ್ಧದಷ್ಟು ಹೊತ್ತು ಬೇಕು ಎಂದಿತ್ತು. ಅಳತೆ ತಡವಿದೆ ಎನ್ನುತ್ತಿತ್ತು, ಕಿವಿ ಇಲ್ಲವೆನ್ನುತ್ತಿತ್ತು. ಶಾಲು ಕಿವಿಯ ಪರವಾಗಿತ್ತು. ಅವಳು ಸುಮ್ಮನೆ ಹೊದ್ದುಕೊಂಡಳು. ಆ ಶಾಲು ಈಗಲೂ ಬೀರುವಿನಲ್ಲಿದೆ. ಬಾಗಿಲು ತೆಗೆದಾಗಲೆಲ್ಲ ಇನ್ನೊಬ್ಬರ ಬಟ್ಟೆ ತನ್ನ ಮನೆಗೆ ಬಂದುಬಿಟ್ಟಿದೆ ಅನ್ನಿಸುತ್ತದೆ. ಅವತ್ತು ಒಂದೇ ಒಂದು ವಿಷಯ ಜನರನ್ನು ನಗಿಸಿತ್ತು. ಟೀಚರ್ ಒಂದು ಸಂಗತಿ ಮುಗಿಸಿ ಮುಂದಿನ ಸಾಲು ಎತ್ತಿಕೊಂಡ ಮೇಲೆ ನಂಜಪ್ಪನವರ "ಭಲೇ" ಸ್ಪೀಕರಿನಲ್ಲಿ ಕೇಳಿಸುತ್ತಿತ್ತು, ಪ್ರತಿ ಸಲವೂ. "ಭಲೇ ಮಾತ್ರ ಅರಕಲಗೂಡು ಬಸ್ಸಲ್ಲಿ ಬರ್ತಿದೆ ಕಣ್ರೋ" ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಅವಳೂ ನಕ್ಕಿದ್ದಳು. ವಯಸ್ಸಾದವರು, ಒಳಗೇ ಸವಿದು ಆಮೇಲೆ ಬಾಯಿ ಬಿಡುತ್ತಾರೆ, ಎಂದುಕೊಂಡಿದ್ದಳು.

ಲ್ಯಾಬಿನ ಬಾಗಿಲು ತೆಗೆಯುವಷ್ಟರಲ್ಲಿ ದಾಕ್ಷಾಯಣಮ್ಮ ಟೀಚರ್ ಆಟೋದಿಂದ ಇಳಿದು, ಊರುಗೋಲು ಊರುತ್ತ ಕಾರಿಡಾರಿನಲ್ಲಿ ಬರುತ್ತಿದ್ದರು. ಆಟೋದವನು ಅವರ ತಂಬೂರಿ ಪೆಟ್ಟಿಗೆಯನ್ನು ತಾನೇ ಹೊತ್ತು ತಂದು, ಒಳಗೆ ಎಲ್ಲಿಡಲಿ ಎಂದು ಕೇಳಿ ಇಟ್ಟು ಹೋದ. "ಏನೇ ಮಾನಸಾ, ಮುಖ ಯಾಕೆ ಹಂಗಿದೆ? ಪರೀಕ್ಷೆ ನಿನಗೋ ನನಗೋ?" ಎಂದರು ಟೀಚರ್. ಅದೇ ದನಿ. ಎಂಟನೆಯ ತರಗತಿಯಲ್ಲಿ ಅವರ ಮನೆಯ ಚಾಪೆಯ ಮೇಲೆ ಕೂತು ತಾಳ ಹಾಕುತ್ತಿದ್ದಾಗ ಅವಳ ಕೈ ಯಾವಾಗಲೂ ಒಂದು ಕೂದಲೆಳೆ ಹಿಂದೆ ಬೀಳುತ್ತಿತ್ತು. ಟೀಚರ್ ಬೈಯುತ್ತಿರಲಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳು ಹಾಡಿದಾಗ ಟೀಚರ್ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು, ಅವಳು ಎಲ್ಲಿ ಹಿಂದಾದಳೋ ಅಲ್ಲೆಲ್ಲ ತಾವೂ ಹಿಂದಾಗುತ್ತ, ಅವಳು ತಪ್ಪಿದ್ದೇ ಯಾರಿಗೂ ತಿಳಿಯದ ಹಾಗೆ ಪಾರುಮಾಡಿದ್ದರು. ಅವಳಿಗೆ ತಿಳಿದಿತ್ತು. ಮಾರನೆಯ ವಾರದಿಂದ ಪಾಠಕ್ಕೆ ಹೋಗುವುದನ್ನು ನಿಲ್ಲಿಸಿದಳು. ಇಷ್ಟು ವರ್ಷವಾದರೂ ಟೀಚರ ಎದುರಿಗೆ ತೊಡೆಯ ಮೇಲೆ ಒಂದು ಸಲವೂ ಕೈ ಬಡಿದಿರಲಿಲ್ಲ. ಅವರು ಹಾಡುವಾಗ ಎರಡೂ ಕೈಯನ್ನು ಕಟ್ಟಿಕೊಂಡು ಕೂರುತ್ತಿದ್ದಳು.

ಮೋಹನ್‌ಕುಮಾರ್ ಬಂದರು. ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರು, ಹಳದಿ ಹಿಡಿ ಹೊರಗೆ ಕಾಣುತ್ತಿತ್ತು. ಅದನ್ನು ಅವಳು ನೋಡಿದ್ದನ್ನು ಅವರು ನೋಡಿ ಮುಖ ತಿರುಗಿಸಿದರು. ಟೀಚರ್ ಶ್ರುತಿ ಸರಿಮಾಡುವಾಗ ತಲೆಯ ಮೇಲಿನ ಫ್ಯಾನು ಕಿರಗುಟ್ಟುತ್ತಿದ್ದುದನ್ನು ಯಾರೂ ಹೇಳುವ ಮೊದಲೇ ಎದ್ದುಹೋಗಿ ಆರಿಸಿದವರೂ ಅವರೇ. ಮಾನಸಾ ಮೂವರಿಗೂ ಹೆಡ್‌ಫೋನು ಕೊಟ್ಟಳು. ಮೊದಲೆಲ್ಲ ಸ್ಪೀಕರು ಇಡುತ್ತಿದ್ದರು. ಇವತ್ತು ಪರೀಕ್ಷೆ ಚೊಕ್ಕವಾಗಿರಲಿ, ಸ್ಪೀಕರಿನ ದನಿ ಮತ್ತೆ ಟೀಚರ ಮೈಕಿಗೆ ಹೊಕ್ಕು ಕಲಬೆರಕೆಯಾಗದಿರಲಿ ಎಂದು ಅವಳೇ ತೆಗೆಸಿದ್ದಳು. ಟೀಚರ ತುರುಬಿನ ಮೇಲೆ ಹೆಡ್‌ಫೋನು ಕೂರಲಿಲ್ಲ. ಅವರು ಹೂವನ್ನು ಬಿಚ್ಚಿ ಕೀಬೋರ್ಡಿನ ಪಕ್ಕದಲ್ಲಿಟ್ಟು, "ಹಾಕು" ಎಂದರು.

ರುದ್ರಪಟ್ಟಣದಿಂದ ಮೊದಲು ಅವಳ ಸಹಾಯಕ ಅಭಿಷೇಕ್ ಮಾತಾಡಿದ: "ಮೇಡಂ, ಕಾರ್ಡು ಆನ್ ಆಗಿದೆ, ಎಲ್ಲ ರೆಡಿ." ಅವನ ಹಿಂದೆಯೇ ನಂಜಪ್ಪನವರು, "ಅಕ್ಕೋರೆ, ಕಾಪಿ ಆಯ್ತಾ? ನಾನು ಒಂದ್ ಚೆಂಬು ಕುಡ್ದು ಕೂತಿವ್ನಿ, ಇವತ್ತು ಕೈ ತಡ್ಯಾಕಿಲ್ಲ."

"ಕಾಫಿ ಇರ್ಲಿ, ಮೃದಂಗದ ಎಡಮುಖಕ್ಕೆ ರವೆ ಮೆತ್ತಿದೀಯಾ?"

"ಮೆತ್ತಿವ್ನಿ ಮೆತ್ತಿವ್ನಿ. ಜಯಲಕ್ಸ್ಮಿ ಉಪ್ಪಿಟ್ಗೆ ಅಂತ ಮಡಗಿದ್ಳು, ಅದ್ನೇ ಕದ್ದೆ. ಈಗ ಅಡುಗೆಮನೇಲಿ ಹುಡುಕ್ತಾವ್ಳೆ."

"ಕೇಳಿಸ್ತದೆ ಕಣ್ರೀ ನಂಗೆ!" ಎಂದಿತು ದೂರದಿಂದ ಅವರ ಹೆಂಡತಿಯ ದನಿ. ಟೀಚರ್ ನಕ್ಕರು, ನಂಜಪ್ಪನವರೂ ನಕ್ಕರು, ಎರಡು ನಗುವೂ ಒಂದರ ಮೇಲೊಂದು ಬಿದ್ದವು. ಮೊದಲು ಹೀಗಿರಲಿಲ್ಲ. ಒಬ್ಬರು ಆಡಿ ಮುಗಿಸಿ, ಕಾದು, ಇನ್ನೊಬ್ಬರು ಆಡಬೇಕಿತ್ತು. ಈಗ ಮಾತಿಗೆ ಮಾತು ತಾಗುತ್ತಿತ್ತು, ಒಂದೇ ಜಗಲಿಯ ಮೇಲೆ ಕೂತವರ ಹಾಗೆ. ಪಂಕ್ತಿಯಲ್ಲಿ ಉಪ್ಪಿನವಳು ಓಡಾಡುತ್ತಿದ್ದಾಳೆ, ಓಡಾಡುತ್ತಿದ್ದಾಳೆ. ಮಾನಸಾಳಿಗೆ ಕೂಗಬೇಕೆನ್ನಿಸಿತು. "ಶುರು ಮಾಡಿ ಟೀಚರ್" ಎಂದಳು, ತನ್ನ ದನಿ ತನಗೇ ಚಿಕ್ಕ ಹುಡುಗಿಯ ದನಿಯ ಹಾಗೆ ಕೇಳಿಸಿತು.

ಕಲ್ಯಾಣಿ, ಆದಿತಾಳ. ರಾಜ್ಯೋತ್ಸವದ ದಿನ ಹಾಡಿದ ಅದೇ ಕೃತಿ. ಒಂದು ಆವರ್ತನ ಮುಗಿಯುವಷ್ಟರಲ್ಲೇ ಟೀಚರ ಹುಬ್ಬು ಗಂಟಾಯಿತು. ಅವರ ಅಂಗೈ ತೊಡೆಗೆ ತಾಗುವ ಮೊದಲೇ ಏಟು ಬೀಳುತ್ತಿತ್ತು. ಸಾಲು ಇನ್ನೂ ಬಾಯಲ್ಲಿದೆ, ಮೃದಂಗ ಮುಂದಿನ ಮನೆಗೆ ಹೋಗಿ ಕೂತಿದೆ. ಅವರು ಸ್ವಲ್ಪ ಬೇಗ ಹಾಡಿ ಕೂಡಿಕೊಳ್ಳಲು ನೋಡಿದರು. ಮೃದಂಗ ಇನ್ನೂ ಮುಂದೆ ಓಡಿತು. ಒಂದು ತಿರುವಿನಲ್ಲಿ ಅವರ ದನಿ ತುಸು ಬಳುಕಿದಾಗ "ಭಲೇ" ಎಂದರು ನಂಜಪ್ಪನವರು. ಮರುಕ್ಷಣವೇ ಟೀಚರ್ ಹಾಡು ನಿಲ್ಲಿಸಿದರು. "ಏನೋ ನಂಜಪ್ಪ, ಹಿಂದೆ ನಾಯಿ ಬಿದ್ದಿದೆಯಾ? ಎಲ್ಲಿಗೆ ಓಡ್ತೀಯ?"

"ನಾನೆಲ್ಲಿ ಓಡ್ದೆ ಅಕ್ಕೋರೆ? ಯಾವಾಗ್ಲೂ ಒಡ್ದಂಗೇ ಒಡ್ದೆ."

ಮೋಹನ್‌ಕುಮಾರ್ ಹೆಡ್‌ಫೋನು ತೆಗೆದು ಕುತ್ತಿಗೆಗಿಳಿಸಿದರು. "ಹಾಡೋಕೆ ಮುಂಚೇನೇ ತಾಳ ಬರ್ತಿದೆ ಮೇಡಂ. ಕಾರ್ಡಿಗೆ ಭವಿಷ್ಯ ಹೇಳೋದನ್ನೂ ಕಲಿಸಿದೀರಾ?" ಎಂದರು. ಚುಚ್ಚಬೇಕೆಂದು ಅಂದದ್ದಲ್ಲ, ಆದರೂ ಚುಚ್ಚಿತು. ಎರಡು ವರ್ಷ. ಪರದೆಯ ಮೇಲಿನ ಅಂಕಿಗಳನ್ನು ನೋಡಿದಳು, ಎಲ್ಲ ಚೆನ್ನಾಗಿತ್ತು, ತಡವೆಂಬುದು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಮತ್ತೆ ಅಳತೆ ಒಂದು ಹೇಳುತ್ತಿದೆ, ಕಿವಿ ಒಂದು ಹೇಳುತ್ತಿದೆ. ಪ್ಯಾಕೆಟ್ಟುಗಳು ಹಿಂದುಮುಂದಾಗಿ ಬಿಚ್ಚಿಕೊಳ್ಳುತ್ತಿವೆಯೇ? ಹಾಗಾದರೆ ದನಿ ಒಡೆದು ಗೊರಗುಟ್ಟಬೇಕು. ಮೃದಂಗ ಗಂಟೆಯಷ್ಟು ನಿಚ್ಚಳವಾಗಿತ್ತು. ಟೀಚರ್ ಕೀಬೋರ್ಡಿನ ಪಕ್ಕದ ಹೂವನ್ನು ಎತ್ತಿಕೊಂಡು ಸುಮ್ಮನೆ ಬೆರಳಿಗೆ ಸುತ್ತುತ್ತ, "ಬಿಡೇ, ನನಗೂ ವಯಸ್ಸಾಯ್ತು, ನಾನೇ ಹಿಂದೆ ಬಿದ್ದಿರಬೇಕು" ಎಂದರು. ಆ ಮಾತು, ಆ ಹೂವು. ಹಾರ್ಮೋನಿಯಮ್ಮಿನ ಮೇಲೆ ಅವಳಿಗಾಗಿ ನಿಧಾನಿಸಿದ ಆ ಬೆರಳುಗಳು. ಮತ್ತೆ ತನ್ನನ್ನು ಪಾರುಮಾಡುತ್ತಿದ್ದಾರೆ. ಮೋಹನ್‌ಕುಮಾರ್ ಅವಳತ್ತ ನೋಡದೆ ಕೈಯನ್ನು ಜೇಬಿನ ಕಡೆಗೆ ಒಯ್ದರು.

ಕಾರ್ಡು ತಡ ಮಾಡಬಹುದು. ಕಳೆದುಹಾಕಬಹುದು. ಆದರೆ ಹುಟ್ಟಿರದ ದನಿಯನ್ನು ಹುಟ್ಟುವ ಮೊದಲು ತಂದುಕೊಡಲು ಯಾವ ಕಾರ್ಡಿಗೂ ಆಗುವುದಿಲ್ಲ. ಏಟು ಮೊದಲು ಬಂದಿದ್ದರೆ ಯಾರೋ ಮೊದಲು ಹೊಡೆದಿದ್ದಾರೆ. ಅವಳು ಕಣ್ಣು ಮುಚ್ಚಿ ಈಗ ಕೇಳಿದ್ದನ್ನು ಮತ್ತೆ ಕೇಳಿಕೊಂಡಳು: ಓಡುವ ಏಟುಗಳು, ಟೀಚರ ದನಿಯ ಬಳುಕು, ಆ ಬಳುಕಿನ ಮೇಲೇ "ಭಲೇ." ಮೇಲೇ. ಮುಂದಿನ ಸಾಲಿನಲ್ಲಲ್ಲ. ಮೊದಲ ಸಲ ಅವರ ಭಲೇ ತನ್ನ ಜಾಗದಲ್ಲಿ ಬಿದ್ದಿತ್ತು! ಇವತ್ತು ಭಲೇ ಸರಿಯಾಗಿದೆ, ಏಟು ಮುಂದಾಗಿದೆ. ಅವತ್ತು ಏಟು ಸರಿಯಾಗಿತ್ತು, ಭಲೇ ತಡವಾಗಿತ್ತು. ಒಂದೇ ಮನುಷ್ಯ, ಒಂದೇ ಮೈಕು, ಒಂದೇ ತಂತಿ. ಏಟು ಹೊತ್ತಿಗೆ ಸರಿಯಾಗಿ ಬಂದು ಭಲೇ ಮಾತ್ರ ಹಿಂದೆ ಬಿದ್ದದ್ದು ಹೇಗೆ? ಏಟನ್ನು ಮೊದಲೇ ಹೊಡೆಯಬಹುದು, ಹಾಡು ಬಾಯಿಪಾಠವಿದ್ದರೆ. ಇನ್ನೂ ಕೇಳಿರದ ಬಳುಕಿಗೆ ಮೊದಲೇ ಭಲೇ ಅನ್ನುವುದು ಹೇಗೆ?

"ನಂಜಪ್ಪನೋರೆ," ಎಂದಳು ಮೈಕಿಗೆ ಬಗ್ಗಿ, "ನೀವು ಬೇಕೂಂತ ಮುಂಚೆ ಹೊಡೀತಿದ್ದೀರಾ?"

ಆ ಕಡೆ ಸದ್ದಿಲ್ಲ. ಮೊದಲಾಗಿದ್ದರೆ ಸುಮ್ಮನಿರುವುದು ಲೈನೋ ಮನುಷ್ಯರೋ ಎಂದು ಗೊತ್ತಾಗುತ್ತಿರಲಿಲ್ಲ. ಈಗ ಗೊತ್ತಾಗುತ್ತಿತ್ತು, ಸುಮ್ಮನಿದ್ದವರು ನಂಜಪ್ಪನವರೇ. ಅವರ ಉಸಿರು ಕೇಳುತ್ತಿತ್ತು.

"ಮಾನಸವ್ವ," ಎಂದರು ಕೊನೆಗೆ, "ಇದ್ನ ಹೆಂಗ್ ಪತ್ತೆ ಅಚ್ಚುದ್ರಿ?"

"ಯಾವಾಗಿಂದ?"

"ಸುರುವಿಂದ್ಲೂ ಕಣವ್ವ. ಮೊದಲ್ನೇ ದಿನ ನಾನ್ ಒಡ್ದ ಏಟು ಅಕ್ಕೋರ ತಾವ ಇದ್ದ ಸ್ಪೀಕರ್ನಿಂದ ಅವರ ಮೈಕಿಗೋಗಿ ತಿರ್ಗ ನನ್ ಕಿವೀಗೇ ಬರ್ತಿತ್ತು, ಸಣ್ಣಕೆ. ಎಷ್ಟ್ ತಡ ಆಗಿ ಬತ್ತದೋ ಅಷ್ಟು ಮುಂದಾಗಿ ಒಡುದ್ರೆ ಅಲ್ಲಿಗೆ ಸರೋಯ್ತದೆ ಅಂತ ಲೆಕ್ಕ ಆಕ್ಕಂಡೆ. ಸರೋಯ್ತು. ನಿಮ್ ಎಗಲ್ಗೆ ಸಾಲು ಒದ್ಸುದ್ರು."

"ಹೊಸ ಕಾರ್ಡಿನಲ್ಲಿ ತಡ ಇರಲ್ಲ ಅಂತ ನಾನೇ ಹೇಳಿದ್ನಲ್ಲ."

"ಓದ್ಸಲ ಮಿಸನ್ ಬದ್ಲಾಯಿಸ್ದಾಗ್ಲೂ ಅಂಗೇ ಅಂದಿದ್ರಿ. ಅದರ ಹಿಂದ್ಲು ಸಲಾನೂವೆ."

ಮೋಹನ್‌ಕುಮಾರ್ ಫಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದರು. ಅವಳಿಗೂ ನಗು ಬಂತು, ಅದರೊಳಗೇ ಅಳುವಿನಂಥದ್ದು. ಶಾಲು ಯಾರದೆಂದು ಈಗ ಗೊತ್ತಾಯಿತು. "ಯಾಕೆ ಹೇಳ್ಲಿಲ್ಲ ನಂಜಪ್ಪನೋರೆ?"

"ಏಳಿದ್ರೆ ಅವತ್ತೇ ಪೆಟ್ಟಿ ಕಟ್ಟಿಸ್ಬುಡೋರು ನಿಮ್ ಕಾಲೇಜ್ನೋರು. ನಂಗೆ ಅಕ್ಕೋರ ಜತೆ ನುಡಿಸ್ಬೇಕಿತ್ತು, ಅಷ್ಟೇಯ. ಆದ್ರೆ ಒಂದ್ ಮಾತು ಅಕ್ಕೋರೆ, ತಪ್ ತಿಳೀಬ್ಯಾಡಿ. ಅಂಗೆ ಒಡ್ಯಾಕೆ ನಿಮ್ ಹಾಡ ಕೇಳಂಗಿರ್ಲಿಲ್ಲ. ಕೇಳುದ್ರೆ ಕೈ ನಿಂತೋಗದು. ಕಿವಿ ಮುಚ್ಕಂಡಂಗೆ, ನೆನಪ್ನಾಗಿರೋ ಹಾಡ್ಗೆ ನುಡುಸ್ತಿದ್ದೆ. ಅಂಗೂ ತಪ್ಪಿ ಕಿವೀಗ್ ಬಿದ್ದುದ್ಕೇ ಭಲೇ ಅಂತಿದ್ದೆ."

"ಗೊತ್ತಿತ್ತು ಕಣೋ" ಎಂದರು ದಾಕ್ಷಾಯಣಮ್ಮ ಟೀಚರ್. ಮಾನಸಾ ಅವರತ್ತ ತಿರುಗಿದಳು. ಅವರು ಹೂವನ್ನು ಬೆರಳಿನಿಂದ ಬಿಚ್ಚುತ್ತಿದ್ದರು. "ಹೇಗೆ ಮಾಡ್ತಿದ್ದೆ ಅಂತ ಗೊತ್ತಿರಲಿಲ್ಲ. ನನ್ನ ಕೇಳಿಸಿಕೊಳ್ತಿಲ್ಲ ಅನ್ನೋದು ಗೊತ್ತಾಗ್ತಿತ್ತು. ಅದಕ್ಕೇ ನಾನೂ ನೀನು ನೆನಪಿಟ್ಟಿರೋ ಹಾಗೇ ಹಾಡ್ತಿದ್ದೆ, ಒಂದು ಸ್ವರ ಆಚೀಚೆ ಹೋಗದ ಹಾಗೆ." ಮಾನಸಾಳಿಗೆ ನಾಚಿಕೆಯಾಯಿತು. ಎರಡು ವರ್ಷದಿಂದ ಟೀಚರ್ ಸ್ವರ ಹಾಕುವುದನ್ನೇ ಬಿಟ್ಟಿದ್ದರು. ಒಂದು ಕಾಲಕ್ಕೆ ಕಲ್ಪನಾಸ್ವರವೆಂದರೆ ಅವರು, ಯಾವ ಕ್ಷಣ ಎಲ್ಲಿಗೆ ಹಾರುತ್ತಾರೋ ಪಕ್ಕವಾದ್ಯದವರಿಗೂ ತಿಳಿಯುತ್ತಿರಲಿಲ್ಲ. ವಯಸ್ಸು ಅದನ್ನು ಕಿತ್ತುಕೊಂಡಿತೆಂದು ಇವಳು ಒಳಗೊಳಗೇ ಮರುಗಿದ್ದಳು; ಮೆಟ್ಟಿಲಲ್ಲಿ ಕೈ ಹಿಡಿಯುವಾಗ ಆ ಮರುಕ ತನ್ನ ಬೆರಳಿನಲ್ಲಿ ಅವರಿಗೆ ತಾಗಿರಬಹುದು. ಅವರು ಏನೂ ಅಂದಿರಲಿಲ್ಲ. ಒಬ್ಬರು ಮುಂದೆ ಓಡಿ, ಇನ್ನೊಬ್ಬರು ಕಟ್ಟಿಹಾಕಿಕೊಂಡು, ಇವಳ ತಂತಿಯ ಎರಡು ತುದಿಯನ್ನೂ ಎರಡು ವರ್ಷ ಕೈಯಲ್ಲಿ ಎತ್ತಿ ಹಿಡಿದಿದ್ದರು.

"ಈಗ ಮುಂಚೆ ಹೊಡೀಬೇಡಿ ನಂಜಪ್ಪನೋರೆ. ಕೇಳಿ, ಕೇಳಿದ ಮೇಲೆ ಹೊಡೀರಿ. ನನ್ನ ನಂಬಿ."

ಮತ್ತೆ ಹಾಡಿದರು. ಮತ್ತೆ ಏಟು ಮುಂದೆ ಓಡಿತು. "ಕೈ ಕೇಳಾಕಿಲ್ಲ ಕಣವ್ವ," ಎಂದರು ನಂಜಪ್ಪನವರು, ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ. "ಅಭ್ಯಾಸ ಆಗೋಗದೆ. ನೀವು ತಡ ಇಲ್ಲ ಅಂತೀರಿ, ಕೈ ಅದೆ ಅಂತದೆ." ಮೋಹನ್‌ಕುಮಾರ್ ಗೋಡೆಯ ಗಡಿಯಾರ ನೋಡಿದರು. ಮಾನಸಾ ಎರಡು ಹೆಜ್ಜೆ ಅತ್ತ ಹೋದಳು, ಇತ್ತ ಬಂದಳು. ಬಾಯಿಮಾತಿನಿಂದ ಕೈಗೆ ನಂಬಿಕೆ ಬರುವುದಿಲ್ಲ. ಕೈ ಯಾವುದನ್ನು ನಂಬಿ ಇದನ್ನು ಕಲಿಯಿತು? ತನ್ನದೇ ಏಟಿನ ಮರುದನಿಯನ್ನು. ಅದನ್ನು ಕೆಡಿಸಿದವಳು ಇವಳೇ, ಪರೀಕ್ಷೆ ಚೊಕ್ಕವಾಗಲೆಂದು ಹೆಡ್‌ಫೋನು ಹಂಚಿ! ಅವಳು ಓಡಿಹೋಗಿ ಲ್ಯಾಬಿನ ಬೀರುವಿನಿಂದ ಹಳೆಯ ಸ್ಪೀಕರನ್ನು ಎಳೆದಳು. ವೈರು ಕಾಲಿಗೆ ಸಿಕ್ಕಿತು. ಮೋಹನ್‌ಕುಮಾರ್ ಮಾತಾಡದೆ ಬಂದು ಇನ್ನೊಂದು ತುದಿ ಹಿಡಿದುಕೊಂಡರು. ಸಡಿಲವಾಗಿದ್ದ ವೈರನ್ನು ಜೇಬಿನ ಸ್ಕ್ರೂಡ್ರೈವರಿನಲ್ಲಿ ಬಿಗಿ ಮಾಡಿದವರೂ ಅವರೇ. ಟೀಚರ ಹೆಡ್‌ಫೋನನ್ನು ಅವಳೇ ತೆಗೆದು, ಸ್ಪೀಕರಿನ ಮುಖವನ್ನು ಮೈಕಿನ ಕಡೆಗೆ ತಿರುಗಿಸಿದಳು.

"ನಂಜಪ್ಪನೋರೆ, ಒಂದೇ ಒಂದು ಏಟು ಹೊಡೀರಿ. ಹೊಡೆದು, ಅದು ವಾಪಸು ಬರೋದನ್ನ ಕೇಳಿ."

ಧಿಂ. ಲ್ಯಾಬಿನ ಗಾಜುಗಳು ಕಂಪಿಸಿದವು. ಮತ್ತೊಂದು, ಧಿಂ. ಮತ್ತೊಂದು. ಅವರು ಕಾಯುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು, ಹಳೆಯ ಕಾಲದ ಆ ಸಣ್ಣ ಮರುದನಿಗಾಗಿ, ಮಂಜಾದ ಕಣ್ಣುಗಳನ್ನು ಮುಚ್ಚಿಕೊಂಡು. ಅದು ಏಟಿಗೇ ಅಂಟಿಕೊಂಡು ಬಂದುಬಿಟ್ಟಿತ್ತು, ಬಿಡಿಸಿ ಕೇಳಲು ಆಗದಷ್ಟು.

"ಎಲ್ಲೋಯ್ತು ಅದು?" ಎಂದರು ನಂಜಪ್ಪನವರು. ಆಮೇಲೆ ಜೋರಾಗಿ, "ಲೇ ಅಭಿಷೇಕಾ, ಎಲ್ಲೋಯ್ತ್ಲಾ ಅದು? ಇಲ್ವೇ ಇಲ್ಲ ಕಣ್ಲಾ! ಅಕ್ಕೋರು ಇಲ್ಲೇ ಅವ್ರೆ! ನಮ್ ನಡುಮನೇಲೇ ಕೂತವ್ರೆ!"

"ಕೂತಿದೀನಿ. ಉಪ್ಪಿಟ್ಟು ಸಿಗಲ್ಲ ಅಂತಾನೂ ಗೊತ್ತು" ಎಂದರು ಟೀಚರ್. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ಕೂತರು. ಕೃತಿಯನ್ನು ಮೊದಲಿನಿಂದ ಎತ್ತಿಕೊಳ್ಳಲಿಲ್ಲ. ಅದರ ಒಂದು ಸಾಲನ್ನು ಹಿಡಿದು, ಹಾಡಿ, ಹಾಡಿ, ಒಮ್ಮೆಲೆ ಬಿಟ್ಟು, ಸ್ವರಕ್ಕೆ ಹಾರಿದರು. ಗಮಪ, ದಪಮಗ, ನಿದಪ. ಮೊದಲು ಮೆಲ್ಲಗೆ, ಕಾಲು ನೀರಿಗೆ ಇಳಿಸಿ ನೋಡುವವರ ಹಾಗೆ. ಮೃದಂಗ ಹಿಂದೆಯೇ ಬಂತು, ಮುಂದೆ ಅಲ್ಲ, ಪಕ್ಕದಲ್ಲಿ, ತಡವರಿಸುತ್ತ, ಕೇಳಿಸಿಕೊಳ್ಳುತ್ತ. ಅವರು ಎಡಕ್ಕೆ ತಿರುಗಿದರೆ ಎಡಕ್ಕೆ. ನಿಂತರೆ ನಿಂತಿತು. ಅವರು ಕಣ್ಣು ತೆರೆದು ಸ್ಪೀಕರನ್ನೇ ನೋಡಿದರು, ಎಪ್ಪತ್ತು ದಾಟಿದ ಮುಖದಲ್ಲಿ ಹುಡುಗಾಟಿಕೆ. ಈಗ ನೋಡು ಎನ್ನುವಂತೆ ಒಂದು ಅಡ್ಡದಾರಿ ಹಿಡಿದು, ಯಾರೂ ಎಣಿಸದ ಜಾಗದಲ್ಲಿ ಸುತ್ತಿ, ತಾಳದ ಸಮಕ್ಕೆ ಬಂದು ಧುಮುಕಿದರು. ನಂಜಪ್ಪನವರ ಏಟು ತಪ್ಪಿತು. ಪೂರಾ ತಪ್ಪಿತು. ನಿಜವಾಗಿ ತಪ್ಪಿತು, ಎರಡು ವರ್ಷದಲ್ಲಿ ಮೊದಲ ಸಲ, ಮತ್ತು ಆ ತಪ್ಪಿನ ಒಳಗೇ, ಟೀಚರ ಕೊನೆಯ ಸ್ವರ ಇನ್ನೂ ಬಾಯಲ್ಲಿರುವಾಗಲೇ, ಬಾಯ್ತುಂಬ ಬಂತು: "ಭಲೇ ಅಕ್ಕೋರೆ! ಭಲೇ!"

ಮೋಹನ್‌ಕುಮಾರ್ ಸ್ಕ್ರೂಡ್ರೈವರಿನ ಹಳದಿ ಹಿಡಿಯಿಂದ ಮೇಜಿನ ಮೇಲೆ ಮೆಲ್ಲಗೆ ತಾಳ ಹಾಕುತ್ತಿದ್ದರು, ಮಾನಸಾ ನೋಡಿದ್ದು ಕಂಡು ಅದನ್ನು ಜೇಬಿಗೆ ಸೇರಿಸಿ, "ಇದು ಇಲ್ಲೇ ಇರ್ಲಿ ಮೇಡಂ, ಕಾರ್ಡೂ, ಲೈನೂ. ಪ್ರಿನ್ಸಿಪಾಲರಿಗೆ ನಾನು ಹೇಳ್ತೀನಿ" ಎಂದು ಬರಿಗೈಯಲ್ಲಿ ಮುಂದುವರಿಸಿದರು. ಟೀಚರ್ ನಿಲ್ಲಿಸಲಿಲ್ಲ. ಮತ್ತೆ ಹೊರಟರು, ಇನ್ನೂ ಚುರುಕಾಗಿ, ನಂಜಪ್ಪನವರು ನಗುತ್ತಲೇ ಬೆನ್ನು ಹತ್ತಿದರು. ಮಾನಸಾಳ ಕಟ್ಟಿದ ಕೈ ಯಾವಾಗ ಬಿಚ್ಚಿತೋ ಅವಳಿಗೆ ತಿಳಿಯಲಿಲ್ಲ. ಅಂಗೈ ತೊಡೆಯ ಮೇಲೆ ಬಿದ್ದು ಸದ್ದು ಮಾಡಿದಾಗಲೇ ತಿಳಿದದ್ದು. ಯಾವಾಗಿನಂತೆ ಒಂದು ಕೂದಲೆಳೆ ಹಿಂದೆ. ಟೀಚರಿಗೆ ಅದು ಕೇಳಿಸಿತು, ಒಂದು ಕ್ಷಣ ಅವಳತ್ತ ನೋಡಿದರು, ನಕ್ಕರು. ನಿಧಾನಿಸಲಿಲ್ಲ. ಹಾಸನದಿಂದ ರುದ್ರಪಟ್ಟಣದವರೆಗೆ ಈಗ ಯಾರೂ ಅವಳಿಗಾಗಿ ಕಾಯುತ್ತಿರಲಿಲ್ಲ. ಅವಳು ಮತ್ತೆ ಕೈ ಎತ್ತಿದಳು.